ಬಿದ್ದದ್ದು ಹೇಗೆ ಅಂತ ಬರೆದಿಡಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವರಿಗೆ, ಜಿಲ್ಲಾ ಆಸ್ಪತ್ರೆಗಳ ಮೂಳೆ ಡಾಕ್ಟರುಗಳಿಗೆ, ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ,

ನಮಸ್ಕಾರ.

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಹಿರಿಯರನ್ನು ಮತ್ತೆ ನಿಲ್ಲಿಸುವುದು, ವಾಕರ್ ಹಿಡಿಸಿ ನಡೆಸುವುದು, ಕಮೋಡಿನ ಮೇಲೆ ಕೂತು ಏಳುವುದನ್ನು ಕಲಿಸುವುದು ನನ್ನ ಕೆಲಸ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ. ನಮ್ಮ ರಾಜ್ಯದಲ್ಲಿ ವಯಸ್ಸಾದವರು ಹೇಗೆ ಬೀಳುತ್ತಾರೆ ಅನ್ನುವುದನ್ನು ದಯವಿಟ್ಟು ಬರೆದಿಡಿ. ಮೂಳೆ ಎಲ್ಲಿ ಮುರಿಯಿತು ಅನ್ನುವುದನ್ನು ಈಗಾಗಲೇ ಚೆನ್ನಾಗಿಯೇ ಬರೆಯುತ್ತೀರಿ. ಬಿದ್ದದ್ದು ಹೇಗೆ ಅಂತ ಯಾರೂ ಬರೆಯುತ್ತಿಲ್ಲ.

ಹೊಸ ಮನೆಗೆ ಹೋದಾಗ ನಾನು ಮೊದಲು ಡಿಸ್ಚಾರ್ಜ್ ಪೇಪರ್ ಕೇಳುತ್ತೇನೆ. ಯಾವ ಕಾಲು, ಮೂಳೆಯ ಯಾವ ಜಾಗ, ರಾಡ್ ಹಾಕಿದರಾ ಬಾಲ್ ಬದಲಾಯಿಸಿದರಾ, ಹಿಮೋಗ್ಲೋಬಿನ್ ಎಷ್ಟು, ಶುಗರ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಬಿದ್ದ ಬಗ್ಗೆ ಮಾತ್ರ ಅರ್ಧ ಸಾಲು: 'ಹಿಸ್ಟರಿ ಆಫ್ ಫಾಲ್'. ಎಷ್ಟು ಹೊತ್ತಿಗೆ ಬಿದ್ದರು, ಏನು ಮಾಡುತ್ತಿದ್ದರು, ಯಾವ ಕಡೆಗೆ ವಾಲಿದರು, ತಲೆ ಸುತ್ತಿತ್ತಾ, ಮುಂಚೆಯೂ ಬಿದ್ದಿದ್ದರಾ? ಯಾವುದೂ ಇರುವುದಿಲ್ಲ. ಮನೆಯವರನ್ನು ಕೇಳಿದರೆ 'ಕಾಲು ಜಾರಿತು ಮೇಡಂ, ವಯಸ್ಸಾಯ್ತಲ್ಲ' ಅನ್ನುತ್ತಾರೆ.

ಅಜ್ಜಿಯ ಪಕ್ಕದಲ್ಲೇ ಕೂತು ನಿಧಾನವಾಗಿ ಕೇಳಿದರೆ ಬೇರೆಯೇ ವಿಷಯ ಹೊರಗೆ ಬರುತ್ತದೆ. ಒಬ್ಬರು ಬಾಗಿಲ ಹಿಂದಿನ ಟವಲ್ ತೆಗೆದುಕೊಳ್ಳಲು ಗಕ್ಕನೆ ತಿರುಗಿರುತ್ತಾರೆ. ಇನ್ನೊಬ್ಬರು ಕುರ್ಚಿ ಅಲ್ಲೇ ಇದೆ ಅಂದುಕೊಂಡು ಕೂರಲು ಹೋಗಿರುತ್ತಾರೆ. ಮತ್ತೊಬ್ಬರಿಗೆ ಬಿಪಿ ಮಾತ್ರೆ ಬದಲಾಗಿ ವಾರವೂ ಆಗಿರುವುದಿಲ್ಲ, ಬೆಳಗಿನ ಜಾವ ಮೂತ್ರಕ್ಕೆಂದು ಎದ್ದಾಗ ಕಣ್ಣು ಕತ್ತಲೆ ಬಂದಿರುತ್ತದೆ. ಪೇಪರಿನಲ್ಲಿ ಮೂವರೂ ಒಂದೇ. ಆದರೆ ಮತ್ತೆ ಬೀಳದ ಹಾಗೆ ನೋಡಿಕೊಳ್ಳಬೇಕು ಅಂದರೆ ಒಬ್ಬರಿಗೆ ತಿರುಗುವುದನ್ನು ಕಲಿಸಬೇಕು, ಇನ್ನೊಬ್ಬರ ಕಣ್ಣು ತೋರಿಸಬೇಕು, ಮೂರನೆಯವರ ಮಾತ್ರೆ ನೋಡಬೇಕು.

ರಸ್ತೆಯಲ್ಲಿ ಸ್ಕೂಟರ್ ಉರುಳಿ ಯಾರಿಗಾದರೂ ಪೆಟ್ಟಾದರೆ ಹೀಗೆ ಬಿಡುವುದಿಲ್ಲ, ಅಲ್ವಾ? ಪೊಲೀಸರು ಜಾಗ, ಹೊತ್ತು, ಬೆಳಕು, ರಸ್ತೆಯ ಸ್ಥಿತಿ ಎಲ್ಲ ಬರೆದುಕೊಳ್ಳುತ್ತಾರೆ. ಅದಕ್ಕೆಂದೇ ದೇಶಕ್ಕೆಲ್ಲ ಒಂದು ಕಂಪ್ಯೂಟರ್ ದಾಖಲೆ ಇದೆ. ಅಂಥ ಲೆಕ್ಕದಿಂದಲೇ ಬ್ಲ್ಯಾಕ್ ಸ್ಪಾಟ್, ಅಂದರೆ ಮತ್ತೆ ಮತ್ತೆ ಅಪಘಾತ ಆಗುವ ಜಾಗ, ಗುರುತಿಸಿ ಹಂಪ್ ಹಾಕುತ್ತಾರೆ, ದೀಪ ಹಾಕುತ್ತಾರೆ. ಮನೆಯೊಳಗಿನ ಬ್ಲ್ಯಾಕ್ ಸ್ಪಾಟ್ ಎಲ್ಲಿದೆ ಅಂತ ಹೇಳುವ ದಾಖಲೆ ನಮ್ಮಲ್ಲಿಲ್ಲ.

ಇದು ಚಿಕ್ಕ ವಿಷಯವಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹೀಗೆ ಸಾಯುವವರಲ್ಲಿ 60 ದಾಟಿದವರೇ ಜಾಸ್ತಿ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಇದ್ದರು. ಈಗ ಇನ್ನೂ ಜಾಸ್ತಿ.

'ಬೀಳುವುದರಲ್ಲಿ ಅಧ್ಯಯನ ಮಾಡುವುದಕ್ಕೆ ಏನಿದೆ' ಅಂತ ಕೆಲವರು ಕೇಳುತ್ತಾರೆ. ಅವರಿಗೆ ನಾನು ಕೆನಡಾದ ಒಂದು ಕೆಲಸವನ್ನು ತೋರಿಸುತ್ತೇನೆ. ವ್ಯಾಂಕೂವರ್ ಕಡೆಯ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸ್ಟೀಫನ್ ರೊಬಿನೊವಿಚ್ ಮತ್ತು ಅವರ ತಂಡ ಎರಡು ವೃದ್ಧಾಶ್ರಮಗಳ ಊಟದ ಮನೆ, ಹಾಲ್, ಓಡಾಡುವ ಜಾಗಗಳ ಕ್ಯಾಮೆರಾ ವಿಡಿಯೋಗಳನ್ನು ನೋಡಿತು. 2007ರಿಂದ 2010ರವರೆಗೆ 130 ಜನ ಬಿದ್ದ 227 ಸಲವನ್ನು ಒಂದೊಂದಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದರು. ಆ ವರದಿ 2013ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದಕ್ಕಿಂತ ಮುಂಚೆ ಬಿದ್ದವರ ನೆನಪನ್ನು, ನೋಡಿದವರ ಮಾತನ್ನೇ ಹೆಚ್ಚಾಗಿ ನಂಬಬೇಕಿತ್ತು.

ಅವರಿಗೆ ಸಿಕ್ಕಿದ್ದೇನು ಗೊತ್ತಾ? ಕಾಲು ಜಾರಿ ಬಿದ್ದದ್ದು ಶೇ 3ರಷ್ಟು ಮಾತ್ರ. ಎಡವಿ ಬಿದ್ದದ್ದು ಶೇ 21. ಯಾರಿಗೋ ಯಾವುದಕ್ಕೋ ತಾಗಿ ಬಿದ್ದದ್ದು, ಹಿಡಿದುಕೊಂಡಿದ್ದ ಆಸರೆ ತಪ್ಪಿ ಬಿದ್ದದ್ದು, ಇದ್ದಕ್ಕಿದ್ದಂತೆ ಕುಸಿದದ್ದು, ಒಂದೊಂದೂ ಶೇ 11ರ ಆಸುಪಾಸು. ಎಲ್ಲಕ್ಕಿಂತ ಜಾಸ್ತಿ, ಶೇ 41ರಷ್ಟು, ಮೈಭಾರವನ್ನು ತಪ್ಪಾಗಿ ದಾಟಿಸಿದ್ದರಿಂದ ಆದದ್ದು. ಅಂದರೆ ನೆಲದಲ್ಲೇನೂ ತಪ್ಪಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹೋಗುವಾಗ, ತಿರುಗುವಾಗ, ಏನನ್ನೋ ಎಟುಕಿಸಿಕೊಳ್ಳುವಾಗ ಮೈ ಪಾದದ ಆಚೆಗೆ ವಾಲಿತು, ಮತ್ತೆ ಹಿಂದಕ್ಕೆ ಬರಲಿಲ್ಲ.

ಇನ್ನೊಂದು ಲೆಕ್ಕ ನೋಡಿ. ಮುಂದಕ್ಕೆ ನಡೆಯುತ್ತಿದ್ದಾಗ ಬಿದ್ದದ್ದು ಶೇ 24. ಸುಮ್ನೆ ನಿಂತಿದ್ದಾಗ ಬಿದ್ದದ್ದು ಶೇ 13. ಕೂರಲು ಹೋಗಿ ಬಿದ್ದದ್ದು ಶೇ 12. 'ಓಡಾಡಬೇಡಿ, ಒಂದು ಕಡೆ ಇರಿ' ಅಂತ ನಾವು ಹಿರಿಯರಿಗೆ ಹೇಳುತ್ತಿರುತ್ತೇವೆ. ಒಂದು ಕಡೆ ನಿಂತವರೂ, ಕೂರಲು ಹೋದವರೂ ಬೀಳುತ್ತಾರೆ ಅಂತ ಈ ವಿಡಿಯೋಗಳು ತೋರಿಸಿದವು. ಓಡಾಟ ನಿಲ್ಲಿಸಿದರೆ ಕಾಲಿನ ಶಕ್ತಿ ಇನ್ನೂ ಬೇಗ ಹೋಗುತ್ತದೆ, ಅದು ಬೇರೆ.

ಅದೇ ವಿಡಿಯೋಗಳಿಂದ ಇನ್ನೊಂದು ವಿಷಯವೂ ಗೊತ್ತಾಯಿತು. ಶೇ 37ರಷ್ಟು ಸಲ ತಲೆ ಬಡಿದಿತ್ತು. ತುಂಬಾ ಸಲ ಅವರು ಕೈ ಊರಿದ್ದರು. ಕೈ ಊರಿದ್ದರಿಂದ ತಲೆಗೆ ಬೀಳುವ ಪೆಟ್ಟು ಕಡಿಮೆಯಾಗಿರಲಿಲ್ಲ. ತೋಳಿಗೆ ಆ ಭಾರ ತಡೆಯುವ ಶಕ್ತಿ ಇರಲಿಲ್ಲವೇನೋ. ಇದನ್ನು ಓದಿದ ಮೇಲೆ ನಾನು ಸೊಂಟ ಮುರಿದವರಿಗೂ ತೋಳಿನ ವ್ಯಾಯಾಮ ಬಿಡದೆ ಮಾಡಿಸುತ್ತೇನೆ. ಸೊಂಟದ ಮೂಳೆ ಮುರಿತದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಿದ್ದೇ ಆಗುವಂಥದ್ದು. ಬೀಳುವ ದಿಕ್ಕೂ ಮುಖ್ಯ. ಪಕ್ಕಕ್ಕೆ ಬಿದ್ದರೆ ಸೊಂಟ ಮುರಿಯುವ ಅಪಾಯ ಸುಮಾರು 6 ಪಟ್ಟು ಅಂತ 1990ರ ದಶಕದಲ್ಲೇ ಅಮೆರಿಕದಲ್ಲಿ ಕಂಡುಕೊಂಡಿದ್ದರು. ಯಾವ ಕಡೆಗೆ ಬಿದ್ದರು ಅನ್ನುವ ಒಂದು ಪ್ರಶ್ನೆ ಕೇಳಲು ನಮ್ಮ ಆಸ್ಪತ್ರೆಗಳಿಗೆ ಅರ್ಧ ನಿಮಿಷವೂ ಬೇಡ.

ಕೆನಡಾದ ಲೆಕ್ಕವನ್ನು ಹಾಗೇ ತಂದು ಇಲ್ಲಿಗೆ ಅಂಟಿಸಿ ಅಂತ ನಾನು ಹೇಳುತ್ತಿಲ್ಲ. ಅದು ಇಲ್ಲಿಗೆ ಹೊಂದುವುದೂ ಇಲ್ಲ. ಅಲ್ಲಿನವರು ವೃದ್ಧಾಶ್ರಮದಲ್ಲಿ, ಒಣ ನೆಲದ ಮೇಲೆ, ಶೂ ಹಾಕಿ ನಡೆಯುವವರು. ಕ್ಯಾಮೆರಾ ಇದ್ದದ್ದೂ ಎಲ್ಲರೂ ಓಡಾಡುವ ಜಾಗದಲ್ಲಿ. ಬಚ್ಚಲಲ್ಲಿ ಕ್ಯಾಮೆರಾ ಇಡಲು ಆಗುವುದಿಲ್ಲ, ಇಡಲೂಬಾರದು. ನಮ್ಮ ಹಿರಿಯರು ಬೀಳುವ ಜಾಗಗಳೇ ಬೇರೆ ಇರಬಹುದು. ತಗ್ಗಿನ ಮಣೆ ಮೇಲೆ ಕೂತು ಚೆಂಬಿನಲ್ಲಿ ನೀರು ಹುಯ್ದುಕೊಂಡು ಸ್ನಾನ ಮಾಡಿ, ಹಿಡಿಯಲು ಏನೂ ಇಲ್ಲದೆ, ನಲ್ಲಿಯನ್ನೋ ಬಕೆಟ್ಟನ್ನೋ ಹಿಡಿದು ಏಳುತ್ತಾರೆ. ಮಲೆನಾಡಲ್ಲಿ ಜೂನ್‌ನಿಂದ ಅಂಗಳವೆಲ್ಲ ಪಾಚಿ. ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಶೌಚಾಲಯ ಕಟ್ಟಿದ್ದಾರೆ, ಆದರೆ ಮನೆಯ ಹೊರಗೆ. ರಾತ್ರಿ ಎರಡು ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು ಹೋಗಬೇಕು, ಕರೆಂಟ್ ಇದ್ದರೆ ಇತ್ತು. ಬೆಂಗಳೂರು ಮೈಸೂರಿನ ಹೊಸ ಫ್ಲ್ಯಾಟುಗಳಲ್ಲಿ ಕನ್ನಡಿಯಂಥ ಟೈಲ್ಸ್. ಹಳ್ಳಿಯ ಅಜ್ಜಿ ಬೆಳಗಾಗುವುದಕ್ಕೆ ಮುಂಚೆ ಅಂಗಳಕ್ಕೆ ನೀರು ಹಾಕಿ, ಬಗ್ಗಿ ರಂಗೋಲಿ ಬಿಟ್ಟು, ಥಟ್ಟನೆ ನೆಟ್ಟಗಾಗುತ್ತಾರೆ. ಕೊಟ್ಟಿಗೆಯಲ್ಲಿ ಹಸು ಕತ್ತು ಹೊರಳಿಸಿದ್ದಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡವರಿಗೂ ನಾನು ವ್ಯಾಯಾಮ ಹೇಳಿಕೊಟ್ಟಿದ್ದೇನೆ.

ಇದರಲ್ಲಿ ಯಾವುದು ಎಷ್ಟು? ಜಾರುವುದು ನಮ್ಮಲ್ಲಿ ಶೇ 3ಕ್ಕಿಂತ ಬಹಳ ಜಾಸ್ತಿ ಇರಬಹುದು ಅಂತ ನನ್ನ ಅಂದಾಜು. ಆದರೆ ಅಂದಾಜಿನ ಮೇಲೆ ಎಷ್ಟು ದಿನ ಕೆಲಸ ಮಾಡುವುದು? ಸೊಂಟದ ಮುರಿತ ಎಷ್ಟಾಗುತ್ತದೆ ಅಂತ ಎಣಿಸಿದ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. ಹರಿಯಾಣದ ರೋಹ್ಟಕ್‌ನಲ್ಲಿ 2009ರ ಲೆಕ್ಕ ತೆಗೆದಾಗ, 50 ದಾಟಿದ ಪ್ರತಿ ಲಕ್ಷ ಹೆಂಗಸರಲ್ಲಿ ವರ್ಷಕ್ಕೆ 159 ಜನಕ್ಕೆ, ಲಕ್ಷ ಗಂಡಸರಲ್ಲಿ 105 ಜನಕ್ಕೆ ಸೊಂಟದ ಮೂಳೆ ಮುರಿದಿತ್ತು. ಅದು ಮುರಿತದ ಲೆಕ್ಕ. ಬೀಳುವ ಲೆಕ್ಕ ನಮಗೆ ಇನ್ನೂ ಬೇಕು. ವಯಸ್ಸಾಗುತ್ತಿರುವವರ ಬಗ್ಗೆ ನಡೆದ, ಲಾಸಿ ಅಂತ ಕರೆಯುವ ರಾಷ್ಟ್ರೀಯ ಸಮೀಕ್ಷೆ 2017-18ರಲ್ಲಿ ದೇಶದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಕಳೆದ ಎರಡು ವರ್ಷದಲ್ಲಿ ಬಿದ್ದಿದ್ದೀರಾ ಅಂತಲೂ ಕೇಳಿತ್ತು. ಒಳ್ಳೆಯ ಕೆಲಸ. ಆದರೆ ಎರಡು ವರ್ಷದ ಹಿಂದೆ ಬಿದ್ದದ್ದು ಯಾರಿಗೆ ನೆನಪಿರುತ್ತದೆ? ಬಿದ್ದದ್ದು ಖಚಿತವಾಗಿ ಗೊತ್ತಿದ್ದವರನ್ನೇ ಕೆಲವು ತಿಂಗಳ ನಂತರ ಕೇಳಿದರೆ, ಶೇ 13ರಿಂದ 32ರಷ್ಟು ಜನಕ್ಕೆ ಅದು ನೆನಪೇ ಇರಲಿಲ್ಲ ಅಂತ 1988ರಷ್ಟು ಹಿಂದೆಯೇ ಒಂದು ಅಧ್ಯಯನ ತೋರಿಸಿತ್ತು.

ನೆನಪಿದ್ದೂ ಹೇಳದವರು ಇನ್ನೂ ಇದ್ದಾರೆ. ಇದನ್ನು ಮನೆಯವರಿಗಾಗಿ ಬರೆಯುತ್ತಿದ್ದೇನೆ. ಬಿದ್ದೆ ಅಂತ ಹೇಳಿದರೆ ಮಕ್ಕಳು ಬೈಯುತ್ತಾರೆ, ದೇವಸ್ಥಾನಕ್ಕೆ ಒಬ್ಬರೇ ಹೋಗಲು ಬಿಡುವುದಿಲ್ಲ, ಊರು ಬಿಡಿಸಿ ತಮ್ಮ ಜೊತೆ ಕರೆದುಕೊಂಡು ಹೋಗಿಬಿಡುತ್ತಾರೆ ಅನ್ನುವ ಭಯ ಅವರಿಗೆ. ಮೂಳೆ ಮುರಿಯದೆ ಬಿದ್ದ ಒಂದೊಂದು ಸಲವೂ ಮುಂದಿನದರ ಸುಳಿವು. ಆ ಸುಳಿವನ್ನು ಅವರು ಸೀರೆಯೊಳಗೆ ಮುಚ್ಚಿಟ್ಟ ತರಚು ಗಾಯದ ಜೊತೆ ಮುಚ್ಚಿಡುತ್ತಾರೆ. ದಯವಿಟ್ಟು ಬೈಯಬೇಡಿ. ಏನಾಯಿತು ಅಂತ ಕೇಳಿ, ಕೇಳಿದ್ದನ್ನು ಡಾಕ್ಟರಿಗೆ ಹೇಳಿ.

ಕಾರಣ ಗೊತ್ತಾದರೆ ಮಾಡುವುದಕ್ಕೆ ಏನಾದರೂ ಇದೆಯಾ? ಇದೆ, ಬೇಕಾದಷ್ಟಿದೆ. ವ್ಯಾಯಾಮದಿಂದ, ಮುಖ್ಯವಾಗಿ ಬ್ಯಾಲೆನ್ಸ್ ವ್ಯಾಯಾಮದಿಂದ, ಬೀಳುವುದು ಸುಮಾರು ಶೇ 23ರಷ್ಟು ಕಡಿಮೆಯಾಗುತ್ತದೆ. ಇದು 23,000ಕ್ಕೂ ಹೆಚ್ಚು ಜನರ ಮೇಲೆ ನಡೆದ 108 ಪ್ರಯೋಗಗಳನ್ನು ಪರಿಶೀಲಿಸಿ 2019ರಲ್ಲಿ ಕಾಕ್ರೇನ್ ಅನ್ನುವ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಅಳೆದು ನೋಡುವ ಸಂಸ್ಥೆ ಕೊಟ್ಟ ಲೆಕ್ಕ. ನ್ಯೂಜಿಲೆಂಡಿನ ಒಟಾಗೊದಲ್ಲಿ ಹುಟ್ಟಿದ ವ್ಯಾಯಾಮ ಪದ್ಧತಿಗೆ ಜಿಮ್ ಬೇಡ. ಕಾಲಿಗೆ ಕಟ್ಟುವ ಸಣ್ಣ ತೂಕ, ಹಿಡಿಯಲು ಒಂದು ಗಟ್ಟಿ ಕುರ್ಚಿ, ನಡುನಡುವೆ ಮನೆಗೆ ಬಂದು ನೋಡುವ ಒಬ್ಬರು. ಮನೆಯಲ್ಲಿ ಎಡವುವ ವಸ್ತು ತೆಗೆದು, ಬೆಳಕು ಹಾಕಿ, ಹಿಡಿಕೆ ಕೂರಿಸಿದರೂ ಬೀಳುವುದು ಕಡಿಮೆಯಾಗುತ್ತದೆ. ಈಗಾಗಲೇ ಬಿದ್ದವರು, ಬೀಳುವ ಅಪಾಯ ಜಾಸ್ತಿ ಇರುವವರು ಯಾರು ಅಂತ ಆರಿಸಿ ಅವರ ಮನೆಯಲ್ಲಿ ಮಾಡಿದರೆ ಶೇ 38ರವರೆಗೆ ಕಡಿಮೆಯಾಗುತ್ತದೆ. ಹಾಗೆ ಆರಿಸಬೇಕು ಅಂದರೆ ಬಿದ್ದವರ ಪಟ್ಟಿ ಬೇಕಲ್ಲ?

ಕಣ್ಣಿನ ಪೊರೆಯ ವಿಷಯ ನಮ್ಮ ರಾಜ್ಯಕ್ಕೆ ತುಂಬಾ ಹತ್ತಿರದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆದರು, ಉಳಿದವರು ಎಂದಿನಂತೆ ಕಾದರು. ಬೇಗ ತೆಗೆಸಿಕೊಂಡವರಲ್ಲಿ ಬೀಳುವುದು ಶೇ 34ರಷ್ಟು ಕಡಿಮೆಯಾಯಿತು. 2005ರಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ ಹೋಬಳಿ ಹೋಬಳಿಗೆ ಕಣ್ಣಿನ ಶಿಬಿರ ನಡೆಯುತ್ತದೆ. ಆ ಸಾಲಿನಲ್ಲಿ ನಿಂತವರಲ್ಲಿ ಈ ವರ್ಷ ಬಿದ್ದವರು ಯಾರು ಅಂತ ಕೇಳಿ, ಅವರನ್ನು ಮುಂದಕ್ಕೆ ಕರೆಯಬಹುದು. ಖರ್ಚು ಏನೂ ಇಲ್ಲ.

ನಿದ್ದೆ ಮಾತ್ರೆಯದ್ದು ಇನ್ನೊಂದು ಕಥೆ. ನ್ಯೂಜಿಲೆಂಡಿನಲ್ಲಿ 1999ರಲ್ಲಿ ಬಂದ ಒಂದು ಪ್ರಯೋಗದಲ್ಲಿ ನಿದ್ದೆಯ ಮತ್ತು ಮನಸ್ಸಿನ ಮಾತ್ರೆಗಳನ್ನು ನಿಧಾನವಾಗಿ ಬಿಡಿಸಿದಾಗ ಬೀಳುವುದು ಶೇ 66ರಷ್ಟು ಇಳಿಯಿತು. ಆದರೆ ಪ್ರಯೋಗ ಮುಗಿದ ಮೇಲೆ ಬಹಳ ಜನ ಮತ್ತೆ ಶುರು ಮಾಡಿದರು. ಬಿಡಿಸುವುದು ಅಷ್ಟು ಸುಲಭ ಅಲ್ಲ. (ಇದನ್ನು ಓದಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಮಾತಾಡಿ.)

ಎಲ್ಲವೂ ಕೆಲಸ ಮಾಡುತ್ತದೆ ಅಂತಲೂ ಇಲ್ಲ. ಅದಕ್ಕೇ ಅಧ್ಯಯನ ಬೇಕು ಅನ್ನುವುದು. ವಿಟಮಿನ್ ಡಿ ಮಾತ್ರೆ ಎಲ್ಲರಿಗೂ ಕೊಟ್ಟುಬಿಟ್ಟರೆ ಮೂಳೆ ಮುರಿಯುವುದಿಲ್ಲ ಅಂತ ತುಂಬಾ ಜನ ನಂಬಿದ್ದರು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಾಗ, ಸಾಮಾನ್ಯವಾಗಿ ಆರೋಗ್ಯವಾಗಿದ್ದವರಲ್ಲಿ ಅದರಿಂದ ಮುರಿತ ಕಡಿಮೆಯಾಗಿರಲಿಲ್ಲ. ಕೊರತೆ ಇದ್ದವರ ಮಾತು ಬೇರೆ. ವೃದ್ಧಾಶ್ರಮದ ಕೋಣೆಗಳಲ್ಲಿ ಮೆತ್ತನೆ ನೆಲಹಾಸು ಹಾಕಿ ನಾಲ್ಕು ವರ್ಷ ನೋಡಿದರು, ಅದೂ ಕೆನಡಾದಲ್ಲೇ. ದೊಡ್ಡ ಗಾಯಗಳು ಕಡಿಮೆಯಾಗಲಿಲ್ಲ. ಹೀಗೆ ಒಂದೊಂದನ್ನೂ ಪರೀಕ್ಷೆ ಮಾಡಿ ನೋಡಿದ್ದರಿಂದ ಅವರಿಗೆ ಹಣ ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತಿದೆ. ನಮ್ಮ ಬಚ್ಚಲಿಗೆ ಯಾವ ಹಿಡಿಕೆ, ಎಷ್ಟು ಎತ್ತರದಲ್ಲಿ, ಅಂತ ನಮಗೆ ಯಾರು ಹೇಳಬೇಕು?

ಈಗ ಇಲಾಖೆಯವರಿಗೆ ನೇರವಾಗಿ.

ಹೊಸ ಯೋಜನೆ ಬೇಡ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಆರೋಗ್ಯ ವಿಚಾರಿಸಿ ತುಂಬುವ ಸಿ-ಬ್ಯಾಕ್ ಫಾರಂನಲ್ಲಿ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಲ್ಲುವಾಗ, ನಡೆಯುವಾಗ ತೂರಾಡಿದಂತೆ ಆಗುತ್ತದಾ ಅನ್ನುವುದು ಅದರಲ್ಲಿ ಒಂದು. ಅದರ ಕೆಳಗೆ ಇನ್ನು ಎರಡು ಸೇರಿಸಿ. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ಬೀಳುತ್ತೇನೆ ಅನ್ನುವ ಭಯ ಇದೆಯಾ? ಬೇರೆ ಬೇರೆ ದೇಶಗಳ ತಜ್ಞರು ಸೇರಿ 2022ರಲ್ಲಿ ಬರೆದ ಮಾರ್ಗಸೂಚಿಯೂ ಇದೇ ಮೂರು ಪ್ರಶ್ನೆ ಕೇಳಿ ಅನ್ನುತ್ತದೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಹೇಗೂ ಮನೆಗೆ ಬರುತ್ತೀರಿ. ಬಿಪಿಯನ್ನು ಕೂತಾಗ ಒಮ್ಮೆ ನೋಡಿ, ಎದ್ದು ನಿಂತಾಗ ಇನ್ನೊಮ್ಮೆ ನೋಡಿ. ನಿಂತಾಗ ಬಿಪಿ ಇಳಿಯುವವರಿಗೆ ಬೆಳಗಿನ ಜಾವ ಎದ್ದಾಗ ಬೀಳುವ ಅಪಾಯ ಜಾಸ್ತಿ.

ಬಿದ್ದಿದ್ದೇನೆ ಅಂದವರ ಮನೆಯಲ್ಲಿ ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರ್ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಅದರ ಮೇಲೇ. ಬಿದ್ದ ದಿನಕ್ಕೆ ಒಂದು ಗುಣಿಸು ಗುರುತು ಹಾಕಲು ಹೇಳಿ, ಮೂಳೆ ಮುರಿದಿರಲಿ, ಮುರಿಯದಿರಲಿ. ತಿಂಗಳಿಗೊಮ್ಮೆ ಆಶಾ ಬಂದಾಗ ಅದನ್ನು ನೋಡಿ, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾಗ, ಯಾವ ಕಡೆಗೆ ಅಂತ ಬರೆದುಕೊಳ್ಳಲಿ. ಯೂರೋಪಿನ ಸಂಶೋಧಕರು 2005ರಲ್ಲೇ ದಿನದಿನದ ಗುರುತು, ತಿಂಗಳ ವರದಿ ಅನ್ನುವ ಪದ್ಧತಿಯನ್ನು ಒಪ್ಪಿಕೊಂಡಿದ್ದಾರೆ. ನಮಗೆ ಕ್ಯಾಲೆಂಡರ್ ಅಚ್ಚು ಹಾಕುವ ಖರ್ಚೂ ಇಲ್ಲ. ಆದರೆ ಆಶಾ ಅವರಿಗೆ ಇದನ್ನು ಬಿಟ್ಟಿ ಕೆಲಸವಾಗಿ ಹೊರಿಸಬೇಡಿ. ಅವರ ತಲೆಯ ಮೇಲೆ ಈಗಲೇ ಬೇಕಾದಷ್ಟಿದೆ. ಇದಕ್ಕೆ ಬೇರೆ ಪ್ರೋತ್ಸಾಹಧನ ಕೊಡಿ.

ಆಸ್ಪತ್ರೆಗಳಲ್ಲಿ, ಡಿಸ್ಚಾರ್ಜ್ ಪೇಪರಿಗೆ, ನಾನು ಮೊದಲು ಹೇಳಿದ ಐದು ಪ್ರಶ್ನೆಗಳಿಗೆ ಐದು ಸಾಲು ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ (ಐಸಿಡಿ-10) ಬೀಳುವುದಕ್ಕೆಂದೇ ಡಬ್ಲ್ಯೂ 00ರಿಂದ 19ರವರೆಗೆ ಕೋಡುಗಳಿವೆ. ಮಂಚದಿಂದ ಬಿದ್ದರೆ 06, ಮೆಟ್ಟಿಲಿಂದ ಬಿದ್ದರೆ 10, ಮರದಿಂದ ಬಿದ್ದರೆ 14. ಹೇಗೆ ಅಂತ ಗೊತ್ತಿಲ್ಲದಿದ್ದರೆ 19. ಎಲ್ಲರನ್ನೂ ಹತ್ತೊಂಬತ್ತಕ್ಕೆ ತಳ್ಳಬೇಡಿ. ಗಾಯಗಳ ಲೆಕ್ಕ ಇಡುವುದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರಿಗೆ ಬಹಳ ವರ್ಷದ ಅನುಭವ ಇದೆ. ಫಾರಂ ಹೇಗಿರಬೇಕು ಅಂತ ಅವರನ್ನು ಕೇಳಿ.

ಒಮ್ಮೆ ಮುರಿದವರನ್ನು ಸುಮ್ನೆ ಮನೆಗೆ ಕಳಿಸಬೇಡಿ. ಅವರು ಮತ್ತೆ ಬೀಳುತ್ತಾರೆ, ಮತ್ತೆ ಮುರಿಯುತ್ತದೆ. ಗ್ಲ್ಯಾಸ್ಗೋದಲ್ಲಿ 1999ರಿಂದಲೇ, ಮೂಳೆ ಮುರಿದು ಬಂದ ಹಿರಿಯರನ್ನೆಲ್ಲ ಒಬ್ಬ ನರ್ಸ್ ಹುಡುಕಿ, ಮೂಳೆ ಟೊಳ್ಳಾಗಿದೆಯಾ ಅಂತ ಪರೀಕ್ಷೆ ಮಾಡಿಸಿ, ಔಷಧಿ ಶುರು ಮಾಡಿಸುವ ಪದ್ಧತಿ ಇದೆ. ಸೊಂಟ ಮುರಿದು ಆಪರೇಷನ್ ಆದ 90 ದಿನದೊಳಗೆ, ಮೂಳೆ ಗಟ್ಟಿ ಮಾಡುವ, ವರ್ಷಕ್ಕೊಂದು ಸಲದ ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಶುರು ಮಾಡಿದವರಲ್ಲಿ ಹೊಸ ಮುರಿತ ಶೇ 35, ಸಾವು ಶೇ 28 ಕಡಿಮೆಯಾಯಿತು ಅಂತ 2007ರಲ್ಲೇ ಗೊತ್ತಾಗಿದೆ. ನಾನು ಹೋಗುವ ಮನೆಗಳಲ್ಲಿ ಸೊಂಟ ಮುರಿದವರಿಗೆ ಮೂಳೆ ಗಟ್ಟಿಯಾಗುವ ಔಷಧಿ ಶುರುವಾಗಿರುವುದು ಬಹಳ ಅಪರೂಪ. ಕ್ಯಾಲ್ಸಿಯಂ ಮಾತ್ರೆ ಒಂದು ತಿಂಗಳಿಗೆ ಬರೆದಿರುತ್ತಾರೆ, ಅಷ್ಟೇ.

ಕೋಲಾರದ ಒಂದು ತಾಲ್ಲೂಕು, ಮಲೆನಾಡಿನ ಒಂದು ತಾಲ್ಲೂಕು, ಬೆಂಗಳೂರಿನ ಕೆಲವು ವಾರ್ಡು. ಒಂದು ವರ್ಷ ಇಷ್ಟರಲ್ಲೇ ಮಾಡಿ ನೋಡಿ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರೂ ಅದರಲ್ಲಿ ಬರಲಿ. ಬಂದ ಲೆಕ್ಕವನ್ನು ಹೆಸರು, ವಿಳಾಸ ತೆಗೆದು ಎಲ್ಲರೂ ನೋಡುವ ಹಾಗೆ ಕನ್ನಡದಲ್ಲಿ ಪ್ರಕಟಿಸಿ. ಮನೆ ಕಟ್ಟುವ ಮೇಸ್ತ್ರಿಗೂ ಅದು ಬೇಕು, ನನಗೂ ಬೇಕು. ಫಾರಂ ತಯಾರು ಮಾಡುವ ಸಭೆಗೆ ದೊಡ್ಡ ಡಾಕ್ಟರುಗಳ ಜೊತೆ ಒಬ್ಬ ಆಶಾ ಕಾರ್ಯಕರ್ತೆಯನ್ನೂ, ಒಬ್ಬ ಫಿಸಿಯೋಥೆರಪಿಸ್ಟನ್ನೂ, ಬಿದ್ದು ಎದ್ದ ಒಬ್ಬ ಅಜ್ಜಿಯನ್ನೂ ಕರೆಯಿರಿ. ಯಾವ ಪ್ರಶ್ನೆ ಕೇಳಿದರೆ ತಾವು ನಿಜ ಹೇಳುತ್ತೇವೆ, ಯಾವುದಕ್ಕೆ ಮುಚ್ಚಿಡುತ್ತೇವೆ ಅಂತ ಆ ಅಜ್ಜಿಯೇ ಹೇಳುತ್ತಾರೆ.

ಇಂತಿ,
ಮನೆಮನೆಗೆ ಹೋಗುವ ಒಬ್ಬ ಫಿಸಿಯೋಥೆರಪಿಸ್ಟ್